ಪ್ರಾಥಮಿಕ ಶಾಲೆಯ ಆಪ್ತಸಮಾಲೋಚನಾ ಸೇವೆ: ಎರಡು ಶೈಕ್ಷಣಿಕ ವರ್ಷಗಳ ಅನುಭವ

ಮೈಸೂರಿನ ಖಾಸಗಿ ಶಾಲೆಯೊಂದರಲ್ಲಿ ಒಂದರಿಂದ ಏಳನೆಯ ತರಗತಿಯವರೆಗಿನ ಮಕ್ಕಳಿಗಾಗಿ ಪೂರ್ಣಾವಧಿಯ ಆಪ್ತಸಮಾಲೋಚಕಿಯೊಬ್ಬರಿದ್ದಾರೆ. ಅವರ ಸೇವೆಯನ್ನು ನಮ್ಮ ಕುಟುಂಬ 2023ರ ಆಗಸ್ಟ್‌ನಿಂದ 2025ರ ಮಾರ್ಚ್‌ವರೆಗೆ, ಅಂದರೆ ನನ್ನ ಮಗ ಎರಡನೆಯ ಮತ್ತು ಮೂರನೆಯ ತರಗತಿಯಲ್ಲಿದ್ದಾಗ ಬಳಸಿಕೊಂಡಿತು. ಮಗನನ್ನು ಶಾಲೆಗೆ ಸೇರಿಸುವಾಗ ವ್ಯಾನ್ ಯಾವ ದಾರಿಯಲ್ಲಿ ಬರುತ್ತದೆ, ಒಂದು ವಿಭಾಗದಲ್ಲಿ ಎಷ್ಟು ಮಕ್ಕಳಿದ್ದಾರೆ, ಶೌಚಾಲಯ ಸ್ವಚ್ಛವಾಗಿದೆಯೇ ಎಂದೆಲ್ಲ ವಿಚಾರಿಸಿದ್ದೆವು. ಆಪ್ತಸಮಾಲೋಚಕರ ಬಗ್ಗೆ ಒಂದು ಮಾತನ್ನೂ ಕೇಳಿರಲಿಲ್ಲ. ಶುಲ್ಕದ ರಸೀದಿಯಲ್ಲಿ ‘ವಿದ್ಯಾರ್ಥಿ ಕ್ಷೇಮ’ ಎಂಬ ಸಾಲಿನ ಮುಂದೆ ವರ್ಷಕ್ಕೆ 1,200 ರೂಪಾಯಿ ಎಂದು ಇದ್ದದ್ದು ಈ ಸೇವೆಗೆ ಎಂಬುದು ಕೂಡ ನನಗೆ ಆಮೇಲೆ ತಿಳಿಯಿತು. ಅದಕ್ಕಿಂತ ಹೆಚ್ಚಿನ ಹಣವನ್ನು ಶಾಲೆ ನಮ್ಮಿಂದ ಕೇಳಲಿಲ್ಲ. ಶಾಲೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆದರೆ ಮಗನನ್ನು ಗುರುತಿಸುವುದು ಸುಲಭವಾಗುತ್ತದೆ. ತನ್ನ ತೊಂದರೆಯನ್ನು ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದನ್ನು ಮುಂದೆ ತೀರ್ಮಾನಿಸಬೇಕಾದವನು ಅವನೇ.

ಎರಡನೆಯ ತರಗತಿ ಆರಂಭವಾದ ಒಂದೂವರೆ ತಿಂಗಳಿಗೆ ಅವನಿಗೆ ಬೆಳಗಿನ ಹೊತ್ತು ಹೊಟ್ಟೆನೋವು ಕಾಣಿಸಿಕೊಂಡಿತು. ಹೊಕ್ಕುಳಿನ ಸುತ್ತ ಕೈಯಿಟ್ಟುಕೊಂಡು ಮುದುರಿ ಮಲಗುತ್ತಿದ್ದ. ಕೆಲವು ದಿನ ವಾಂತಿಯೂ ಆಗುತ್ತಿತ್ತು. ಅತ್ತೆಯವರು ಓಮದ ಕಷಾಯ ಕುಡಿಸಿದರು, ದೃಷ್ಟಿ ತೆಗೆದರು. ಮಕ್ಕಳ ವೈದ್ಯರು ಮೊದಲು ಜಂತುಹುಳುವಿನ ಔಷಧ ಕೊಟ್ಟು, ಆಮೇಲೆ ರಕ್ತ, ಮೂತ್ರದ ಪರೀಕ್ಷೆಯನ್ನೂ ಹೊಟ್ಟೆಯ ಸ್ಕ್ಯಾನಿಂಗನ್ನೂ ಮಾಡಿಸಿದರು; ಎಲ್ಲವೂ ಸರಿಯಾಗಿತ್ತು. ಶಾಲೆ ತಪ್ಪಿಸಲು ಇದೊಂದು ನೆಪ ಎಂದು ನನ್ನ ಪತಿ ಗದರಿದರು, ನಾನೂ ಅವರನ್ನು ತಡೆಯಲಿಲ್ಲ. ಅದು ನೆಪವಾಗಿರಲಿಲ್ಲ. ಹೆದರಿದ ಮಗುವಿನ ಹೊಟ್ಟೆ ನಿಜವಾಗಿಯೇ ನೋಯುತ್ತದೆ ಎಂಬುದನ್ನು ನಮಗೆ ಅರ್ಥ ಮಾಡಿಸಿದವರು ಆಪ್ತಸಮಾಲೋಚಕಿ.

ತರಗತಿಯ ಶಿಕ್ಷಕಿ ಮಗನ ಗೈರುಹಾಜರಿಯನ್ನು ಅವರ ಗಮನಕ್ಕೆ ತಂದಿದ್ದರು. ಅವರು ಮಾಡಿದ ಮೊದಲ ಕೆಲಸ ಅವನನ್ನು ಕರೆದು ಕೂರಿಸಿ ಪ್ರಶ್ನೆ ಕೇಳುವುದಾಗಿರಲಿಲ್ಲ. ಹಾಜರಿ ಪುಸ್ತಕವನ್ನು ತೆಗೆದು ನೋಡುವುದಾಗಿತ್ತು. ಆರು ವಾರಗಳಲ್ಲಿ ಅವನು ಶಾಲೆಗೆ ಬಾರದಿದ್ದ ಅಥವಾ ಅರ್ಧದಲ್ಲೇ ಮನೆಗೆ ಹೋದ ದಿನಗಳು ಒಂಬತ್ತು. ಅವುಗಳಲ್ಲಿ ಏಳು ದಿನ ಮಂಗಳವಾರ ಇಲ್ಲವೇ ಶುಕ್ರವಾರ. ಆ ಎರಡು ದಿನಗಳಲ್ಲಿ ಕನ್ನಡದ ಪೀರಿಯಡ್‌ನಲ್ಲಿ ಮಕ್ಕಳು ಸರದಿಯಂತೆ ಕಪ್ಪುಹಲಗೆಯ ಪಕ್ಕಕ್ಕೆ ಬಂದು ನಿಂತು ಪಾಠವನ್ನು ಗಟ್ಟಿಯಾಗಿ ಓದಬೇಕಿತ್ತು. ದಿನವಿಡೀ ಬ್ಯಾಂಕಿನಲ್ಲಿ ಅಂಕಿಗಳ ನಡುವೆಯೇ ಕೆಲಸ ಮಾಡುವ ನನಗೆ ಈ ಲೆಕ್ಕ ಹೊಳೆದಿರಲಿಲ್ಲ.

ಈ ಸೇವೆಯಲ್ಲಿ ನಾನು ಅತಿ ಹೆಚ್ಚು ಮೆಚ್ಚುವುದು ಇದನ್ನೇ. ಹದಿನೈದರ ಹುಡುಗನೋ ಹುಡುಗಿಯೋ ತಾನಾಗಿ ಹೋಗಿ ಆಪ್ತಸಮಾಲೋಚಕರ ಬಾಗಿಲು ತಟ್ಟುವುದು ಸಾಧ್ಯ. ಏಳು ವರ್ಷದ ಮಗು ಹಾಗೆ ಬರುವುದಿಲ್ಲ. ಅದಕ್ಕೆ ತನಗೆ ಏನಾಗುತ್ತಿದೆ ಎಂದು ಹೇಳುವ ಮಾತುಗಳೇ ಇನ್ನೂ ಇರುವುದಿಲ್ಲ. ಅದು ಹೊಟ್ಟೆನೋವು ಎನ್ನುತ್ತದೆ, ಪೆನ್ಸಿಲಿನ ತುದಿಯನ್ನು ಕಚ್ಚಿ ಮುಗಿಸುತ್ತದೆ, ಪಕ್ಕದಲ್ಲಿರುವವರನ್ನು ತಳ್ಳುತ್ತದೆ, ಊಟದ ಡಬ್ಬಿಯನ್ನು ಹಾಗೆಯೇ ಮನೆಗೆ ತರುತ್ತದೆ. ಆದ್ದರಿಂದ ಪ್ರಾಥಮಿಕ ಶಾಲೆಯ ಆಪ್ತಸಮಾಲೋಚಕರು ಕೋಣೆಯಲ್ಲಿ ಕಾದು ಕುಳಿತರೆ ಪ್ರಯೋಜನವಿಲ್ಲ, ಮಕ್ಕಳಿದ್ದಲ್ಲಿಗೆ ತಾವೇ ಹೋಗಬೇಕಾಗುತ್ತದೆ. ಇವರು ಬೆಳಿಗ್ಗೆ ವ್ಯಾನ್‌ಗಳು ಬಂದು ನಿಲ್ಲುವ ಹೊತ್ತಿಗೆ ಗೇಟಿನ ಬಳಿ ಇರುತ್ತಾರೆ. ಮಧ್ಯಾಹ್ನ ಜಗಲಿಯಲ್ಲಿ ಮಕ್ಕಳ ಸಾಲಿನಲ್ಲೇ ಕುಳಿತು ಊಟ ಮಾಡುತ್ತಾರೆ. ಯಾವ ಮಗು ಯಾರ ಪಕ್ಕ ಕೂರುವುದನ್ನು ನಿಲ್ಲಿಸಿದೆ, ಯಾವ ಮಗು ಆಟದ ಹೊತ್ತಿನಲ್ಲಿ ಕಂಬಕ್ಕೆ ಒರಗಿ ನಿಂತಿದೆ ಎಂಬುದು ಅವರಿಗೆ ಹೀಗೆ ತಿಳಿಯುತ್ತದೆ.

ಮಗನ ಜೊತೆ ಅವರ ಮೊದಲ ಭೇಟಿ ನಡೆದದ್ದು ಮೆಟ್ಟಿಲ ಪಕ್ಕದ ಚಿಕ್ಕ ಕೋಣೆಯಲ್ಲಿ. ಮೊದಲು ಆಟದ ಸಾಮಾನುಗಳನ್ನು ಇಡುತ್ತಿದ್ದ ಕೋಣೆಯದು. ಒಂದು ಜಮಖಾನೆ, ಜೇಡಿಮಣ್ಣು, ಬಣ್ಣದ ಸೀಸಕಡ್ಡಿಗಳು, ಕೈಗೆ ಹಾಕಿಕೊಳ್ಳುವ ಬೊಂಬೆಗಳು, ಮರಳು ತುಂಬಿದ ಒಂದು ತಟ್ಟೆ ಅಲ್ಲಿವೆ. ಅವರಿಗೂ ಮಗುವಿಗೂ ನಡುವೆ ಮೇಜಿಲ್ಲ. ಶಾಲೆಯ ನಕ್ಷೆಯನ್ನು ಬಿಡಿಸಿ, ಇಷ್ಟವಾದ ಜಾಗಕ್ಕೆ ಹಸಿರು, ಇಷ್ಟವಿಲ್ಲದ ಜಾಗಕ್ಕೆ ಕೆಂಪು ಬಳಿಯಲು ಅವರು ಹೇಳಿದರಂತೆ. ಮಗ ಎರಡೇ ಜಾಗಕ್ಕೆ ಕೆಂಪು ಬಳಿದಿದ್ದ: ಕಪ್ಪುಹಲಗೆಯ ಪಕ್ಕದ ಒಂದು ಚಪ್ಪಡಿ, ಅದರ ಮೇಲಿನ ಗೋಡೆ ಗಡಿಯಾರ. ಗಡಿಯಾರ ಏಕೆ ಎಂಬುದಕ್ಕೆ ಉತ್ತರ ಮುಂದಿನ ವಾರ ಸಿಕ್ಕಿತು. ಬೆಂಚುಗಳನ್ನು ಎಣಿಸಿ, ಹೊತ್ತನ್ನು ನೋಡಿ, ತನ್ನ ಸರದಿಗೆ ಯಾವ ಪರಿಚ್ಛೇದ ಬರುತ್ತದೆ ಎಂದು ಅವನು ಮೊದಲೇ ಲೆಕ್ಕ ಹಾಕುತ್ತಿದ್ದ. ಅಷ್ಟನ್ನು ಪಕ್ಕದ ಹುಡುಗಿಯಿಂದ ಮೆಲ್ಲಗೆ ಓದಿಸಿಕೊಂಡು, ಕೇಳಿ ಬಾಯಿಪಾಠ ಮಾಡಿ, ಪುಸ್ತಕ ಹಿಡಿದು ಒಪ್ಪಿಸುತ್ತಿದ್ದ. ಶಿಕ್ಷಕಿ ಸರದಿಯ ಕ್ರಮವನ್ನು ಬದಲಿಸಿ ಯಾರನ್ನೆಂದರೆ ಅವರನ್ನು ಕರೆಯಲು ಶುರುಮಾಡಿದ ದಿನದಿಂದ ಈ ಉಪಾಯ ಕೆಟ್ಟಿತ್ತು. ಹೊಟ್ಟೆನೋವು ಬಂದದ್ದು ಅಲ್ಲಿಂದೀಚೆಗೆ.

ಇದನ್ನು ಮನೆಯಲ್ಲಿ ಖಚಿತಪಡಿಸಿಕೊಳ್ಳಲು ಅವರು ನನಗೆ ಹೇಳಿಕೊಟ್ಟ ವಿಧಾನ ಬಹಳ ಸರಳವಾಗಿತ್ತು. ಪಾಠದ ಚಿತ್ರವನ್ನು ಕಾಗದದಿಂದ ಮುಚ್ಚಿ, ಕೊನೆಯ ಸಾಲಿನಿಂದ ಮೇಲಕ್ಕೆ ಓದಿಸಬೇಕು, ಗದರಬಾರದು, ತಿದ್ದಬಾರದು. ಅಂದು ಸಂಜೆ ಹಾಗೆಯೇ ಮಾಡಿದೆ. ಅದುವರೆಗೆ ನನ್ನ ಮುಂದೆ ಪಟಪಟನೆ ‘ಓದುತ್ತಿದ್ದ’ ಮಗ ಮೊದಲ ಪದದಲ್ಲೇ ನಿಂತುಬಿಟ್ಟ. ‘ಮ’ ಮತ್ತು ‘ಯ’, ‘ದ’, ‘ಧ’ ಮತ್ತು ‘ಥ’ ಅವನಿಗೆ ಒಂದೇ ಆಗಿ ಕಾಣುತ್ತಿದ್ದವು. ಒತ್ತಕ್ಷರ ಬಂದ ಕಡೆಯೆಲ್ಲ ಬೆರಳು ನಡುಗುತ್ತಿತ್ತು. ಅವನು ಓದುತ್ತಿರಲಿಲ್ಲ, ಒಂದು ವರ್ಷದಿಂದ ಇಡೀ ಪುಸ್ತಕವನ್ನು ಕಿವಿಯಲ್ಲಿ ಹಿಡಿದಿಟ್ಟುಕೊಂಡಿದ್ದ. ಅಷ್ಟು ಚಿಕ್ಕ ಮಗು ಅಷ್ಟು ಕಾಲ ಒಬ್ಬನೇ ಆ ಭಾರವನ್ನು ಹೊತ್ತಿದ್ದ ಎಂಬುದು ತಿಳಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಪೋಷಕರೊಂದಿಗಿನ ಭೇಟಿಯ ಬಗ್ಗೆಯೂ ಹೇಳಬೇಕು. ನಮ್ಮನ್ನು ಕೂರಿಸಿಕೊಂಡು ಮೊದಲ ಐದು ನಿಮಿಷದಲ್ಲಿ ಅವರು ತಮ್ಮ ಕೆಲಸದ ಎಲ್ಲೆಯನ್ನು ವಿವರಿಸಿದರು. ಮಗು ಹೇಳಿದ ಮಾತನ್ನು ಮಗುವಿನ ಒಪ್ಪಿಗೆಯಿಲ್ಲದೆ ನಮಗೂ ಹೇಳುವುದಿಲ್ಲ. ಅಂಕಪಟ್ಟಿಗೂ ತಮ್ಮ ಕಡತಕ್ಕೂ ಸಂಬಂಧವಿಲ್ಲ. ಆದರೆ ಮಗುವಿನ ಜೀವಕ್ಕೆ ಅಪಾಯವಿದ್ದರೆ, ಮಗು ತನ್ನನ್ನೋ ಇತರರನ್ನೋ ಘಾಸಿಗೊಳಿಸುವ ಸಂಭವವಿದ್ದರೆ, ಅಥವಾ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಮೌನವಾಗಿರಲು ಸಾಧ್ಯವಿಲ್ಲ ಎಂದರು. ಕೊನೆಯದು ಅವರ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಅಂಥ ಅಪರಾಧದ ಬಗ್ಗೆ ತಿಳಿದವರು ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರಾದರೆ ಒಂದು ವರ್ಷದವರೆಗೆ ಸೆರೆವಾಸದ ಶಿಕ್ಷೆಯಾಗಬಹುದು. ಶಾಲೆಯ ಮರ್ಯಾದೆಯ ಹೆಸರಿನಲ್ಲಿ ವಿಷಯವನ್ನು ಒಳಗೊಳಗೇ ಮುಗಿಸಿಬಿಡುವ ರೂಢಿ ಇನ್ನೂ ಹೋಗಿಲ್ಲದ ಕಾಲದಲ್ಲಿ, ಒಬ್ಬ ಸಿಬ್ಬಂದಿ ಇದನ್ನು ಪೋಷಕರ ಮುಂದೆ ಮೊದಲ ದಿನವೇ ಸ್ಪಷ್ಟವಾಗಿ ಹೇಳಿದ್ದು ನನಗೆ ಧೈರ್ಯ ಕೊಟ್ಟಿತು.

ಕಷ್ಟವಾದದ್ದು ನಮ್ಮ ಅತ್ತೆಯವರನ್ನು ಒಪ್ಪಿಸುವುದು. ‘ನಮ್ಮ ವಂಶದಲ್ಲಿ ಯಾರಿಗೂ ತಲೆ ಕೆಟ್ಟಿಲ್ಲ, ಮಗೂನ ಅಲ್ಲಿಗೆಲ್ಲ ಕಳಿಸಬೇಡ’ ಎಂದು ಅವರು ಅಡುಗೆಮನೆಯಲ್ಲಿ ನಿಂತು ಅತ್ತರು. ಈ ಮಾತನ್ನು ಹೇಳಿದಾಗ ಆಪ್ತಸಮಾಲೋಚಕಿ ಅತ್ತೆಯವರನ್ನೇ ಶಾಲೆಗೆ ಬರಹೇಳಿದರು. ಮನಸ್ಸಿನ ಬಗ್ಗೆ ಉಪನ್ಯಾಸ ಕೊಡಲಿಲ್ಲ. ‘ಅಮ್ಮಾ, ಮಗು ನಿಮ್ಮ ಹತ್ತಿರ ದಿನಾ ಕಥೆ ಕೇಳ್ತಾನಂತೆ, ಅಷ್ಟು ಉದ್ದದ ಕಥೇನ ಒಂದು ಮಾತು ಬಿಡದೆ ನನಗೆ ಹೇಳಿದ. ಅವನ ಬುದ್ಧಿಗೆ ಏನೂ ಆಗಿಲ್ಲ. ಅಕ್ಷರ ಮಾತ್ರ ಕೈಗೆ ಸಿಗ್ತಿಲ್ಲ’ ಎಂದರು. ಮನೆಗೆ ಬಂದ ಅತ್ತೆಯವರು ಅಂದಿನಿಂದ ಮಗನನ್ನು ಓದು ಎಂದು ಪೀಡಿಸುವುದನ್ನು ಬಿಟ್ಟು, ಕಥೆಯ ನಡುವೆ ಅವನಿಂದಲೇ ಮಾತು ಹೇಳಿಸತೊಡಗಿದರು. ಮೂರು ತಲೆಮಾರು ಒಟ್ಟಿಗಿರುವ ಮನೆಗಳಲ್ಲಿ ಮಗುವಿನ ವಿಷಯದಲ್ಲಿ ಕೊನೆಯ ಮಾತು ತಾಯಿಯದೇ ಆಗಿರುವುದಿಲ್ಲ. ಅಜ್ಜ ಅಜ್ಜಿಯರನ್ನು ಬಿಟ್ಟು ತಂದೆತಾಯಿಯರಿಗೆ ಮಾತ್ರ ಚೀಟಿ ಕಳಿಸುವ ಸೇವೆ ನಮ್ಮ ಕಡೆ ಅರ್ಧ ಕೆಲಸವನ್ನಷ್ಟೇ ಮಾಡೀತು.

ಆಪ್ತಸಮಾಲೋಚಕಿ ರೋಗದ ಹೆಸರು ಹೇಳಲಿಲ್ಲ. ಅದು ತಮ್ಮ ಅಧಿಕಾರದಲ್ಲಿಲ್ಲ ಎಂದು ಖಚಿತವಾಗಿ ಹೇಳಿ, ಮೊದಲು ಕಣ್ಣಿನ ಪರೀಕ್ಷೆ ಮಾಡಿಸಲು ತಿಳಿಸಿ, ಅನಂತರ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಪತ್ರ ಕೊಟ್ಟರು. ಕಿವಿಯ ಪರೀಕ್ಷೆ, ಭಾಷೆಯ ಪರೀಕ್ಷೆ, ಬುದ್ಧಿಶಕ್ತಿಯ ಪರೀಕ್ಷೆ ಎಂದು ಹಲವು ಸಲ ಹೋಗಿ ಬರಬೇಕಾಯಿತು. ಕೇಂದ್ರ ಸರ್ಕಾರದ ಸಂಸ್ಥೆಯಾದ್ದರಿಂದ ಖರ್ಚು ಹಗುರವಾಗಿತ್ತು. ಎಂಟು ವರ್ಷ ತುಂಬುವ ಮೊದಲು ನಿರ್ದಿಷ್ಟ ಕಲಿಕಾ ನ್ಯೂನತೆಯ (ಬುದ್ಧಿ ಸರಿಯಿದ್ದೂ ಓದು, ಬರಹ ಇಲ್ಲವೇ ಲೆಕ್ಕ ಕೈಗೆ ಹತ್ತದಿರುವ ತೊಂದರೆಯ) ಪ್ರಮಾಣಪತ್ರ ಕೊಡುವುದಿಲ್ಲ ಎಂಬುದು ನಮಗೆ ಗೊತ್ತಾದದ್ದು ಆಗ. ಇದಕ್ಕಾಗಿ ನಿಮ್ಹಾನ್ಸ್ ರೂಪಿಸಿರುವ ಪರೀಕ್ಷೆಗಳಲ್ಲಿ 5ರಿಂದ 7 ವರ್ಷದವರಿಗೆ ಒಂದು ಹಂತ, 8ರಿಂದ 12 ವರ್ಷದವರಿಗೆ ಇನ್ನೊಂದು ಹಂತ ಇದೆ. ಪ್ರಮಾಣಪತ್ರ ಬರುವವರೆಗೆ ಕಾಯದೆ, ಓದಿನ ಪೂರಕ ಪಾಠವನ್ನು ಆ ವಾರದಿಂದಲೇ ಶುರುಮಾಡಿಸಿದ್ದು ಆಪ್ತಸಮಾಲೋಚಕಿಯ ಒತ್ತಾಯದಿಂದ. ವಿಶೇಷ ಶಿಕ್ಷಕಿಯೊಬ್ಬರು ವಾರಕ್ಕೆ ಮೂರು ದಿನ ಮಗನಿಗೆ ಪದಗಳನ್ನು ಬಿಡಿಸುವ ಆಟ ಆಡಿಸಿದರು: ‘ನವಿಲು’ ಎಂದರೆ ಮೂರು ಚಪ್ಪಾಳೆ, ‘ಕಲ್ಲಂಗಡಿ’ ಎಂದರೆ ನಾಲ್ಕು. ಗುಣಿತಾಕ್ಷರವನ್ನು ಮರಳಿನಲ್ಲಿ ಬೆರಳಿನಿಂದ ಬರೆದು, ಬರೆಯುವಾಗಲೇ ಉಚ್ಚರಿಸುವುದು ನಡೆಯಿತು. ಹಿಂದಿನವರು ಮರಳ ಮೇಲೆ ತಿದ್ದಿಸುತ್ತಿದ್ದ ವಿದ್ಯೆಯೇ ಇಲ್ಲಿ ಬೇರೆ ಹೆಸರಿನಲ್ಲಿ ಬಂದಿದೆ ಎಂದು ಅತ್ತೆಯವರು ಸಂತೋಷಪಟ್ಟರು.

ಆದರೆ ಹೊಟ್ಟೆನೋವು ನಿಂತದ್ದು ಪೂರಕ ಪಾಠದಿಂದಲ್ಲ. ಅದರ ಫಲ ಕಾಣಲು ತಿಂಗಳುಗಟ್ಟಲೆ ಬೇಕಾಯಿತು. ನೋವು ನಿಂತದ್ದು ಕನ್ನಡದ ಪೀರಿಯಡ್ ಬದಲಾದದ್ದರಿಂದ. ಆಪ್ತಸಮಾಲೋಚಕಿ ಶಿಕ್ಷಕಿಯ ತರಗತಿಯಲ್ಲಿ ಎರಡು ದಿನ ಹಿಂದಿನ ಬೆಂಚಿನಲ್ಲಿ ಕುಳಿತು, ಅವರ ತಪ್ಪನ್ನು ಮುಖ್ಯೋಪಾಧ್ಯಾಯಿನಿಯವರಿಗೆ ದೂರು ಕೊಡದೆ, ಅವರ ಜೊತೆಗೇ ಕುಳಿತು ಬೇರೆ ದಾರಿ ಹುಡುಕಿದರು. ಇಬ್ಬಿಬ್ಬರು ಜೋಡಿಯಾಗಿ ಓದುವುದು, ಇಡೀ ತರಗತಿ ಒಟ್ಟಿಗೆ ದನಿಗೂಡಿಸುವುದು, ಒಬ್ಬೊಬ್ಬರೇ ಓದುವುದಾದರೆ ಹಿಂದಿನ ದಿನವೇ ಭಾಗವನ್ನು ತಿಳಿಸುವುದು ಎಂದು ಏರ್ಪಾಡಾಯಿತು. ಇದರಿಂದ ನನ್ನ ಮಗನಿಗೆ ಮಾತ್ರವಲ್ಲ, ಅದೇ ತರಗತಿಯಲ್ಲಿ ತೊದಲುತ್ತಿದ್ದ ಒಂದು ಹುಡುಗಿಗೂ ಅನುಕೂಲವಾಯಿತು. ಮಗುವನ್ನು ದೈಹಿಕ ಶಿಕ್ಷೆಗಾಗಲಿ ಮಾನಸಿಕ ಕಿರುಕುಳಕ್ಕಾಗಲಿ ಗುರಿಪಡಿಸಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೇಳುತ್ತದೆ. ಆ ಶಿಕ್ಷಕಿ ಕಿರುಕುಳ ಕೊಡುವವರಾಗಿರಲಿಲ್ಲ, ಒಳ್ಳೆಯ ಪಾಠ ಮಾಡುವವರು. ತಮ್ಮ ಒಂದು ಅಭ್ಯಾಸ ಕೆಲವು ಮಕ್ಕಳಿಗೆ ಶಿಕ್ಷೆಯಾಗಿದೆ ಎಂಬುದು ಅವರಿಗೆ ಕಂಡಿರಲಿಲ್ಲ ಅಷ್ಟೆ. ಮಗುವನ್ನು ಕೋಣೆಗೆ ಕರೆದೊಯ್ದು ‘ಸರಿಮಾಡಿ’ ತರುವುದೇ ಆಪ್ತಸಮಾಲೋಚನೆ ಎಂದು ನಾನು ತಿಳಿದಿದ್ದೆ. ಎರಡು ವರ್ಷ ನೋಡಿದ ಮೇಲೆ ನನಗನ್ನಿಸುವುದು, ಪ್ರಾಥಮಿಕ ಹಂತದಲ್ಲಿ ಈ ಕೆಲಸದ ದೊಡ್ಡ ಪಾಲು ಮಗುವಿನ ಸುತ್ತಲಿನ ದೊಡ್ಡವರ ಜೊತೆ ನಡೆಯುತ್ತದೆ. ಎಂಟು ವರ್ಷದ ಮಗುವಿಗೆ ತನ್ನ ತರಗತಿಯನ್ನಾಗಲಿ ಮನೆಯನ್ನಾಗಲಿ ಬದಲಾಯಿಸುವ ಶಕ್ತಿ ಇರುವುದಿಲ್ಲ.

ತೊಂದರೆಯಲ್ಲಿರುವ ಮಕ್ಕಳಿಗೆ ಮಾತ್ರವಲ್ಲದೆ, ಎಲ್ಲ ವಿಭಾಗಗಳಿಗೂ ಅವರು ಹದಿನೈದು ದಿನಕ್ಕೊಂದು ಪೀರಿಯಡ್ ತೆಗೆದುಕೊಳ್ಳುತ್ತಾರೆ. ಪೋಷಕರಿಗೂ ಪ್ರವೇಶವಿದ್ದ ಅಂಥ ಒಂದು ತರಗತಿಯಲ್ಲಿ ನಾನು ಕುಳಿತಿದ್ದೆ. ವಿಷಯ, ‘ಬೇಜಾರು’ ಎಂಬ ಒಂದೇ ಪದ. ನಮ್ಮ ಮಕ್ಕಳು ಎಲ್ಲದಕ್ಕೂ ಬೇಜಾರು ಎನ್ನುತ್ತಾರೆ: ಆಡಲು ಯಾರೂ ಇಲ್ಲದಿದ್ದರೂ ಬೇಜಾರು, ಅಪ್ಪ ಬೈದರೂ ಬೇಜಾರು, ತಾತ ತೀರಿಕೊಂಡರೂ ಬೇಜಾರು. ನಾವು ದೊಡ್ಡವರೂ ಹಾಗೆಯೇ. ಅವರು ಹಲಗೆಯ ಮೇಲೆ ಒಂದು ಮರ ಬರೆದು, ಬೇಜಾರು ಎಂಬ ಕಾಂಡದಿಂದ ಕೊಂಬೆಗಳನ್ನು ಮಕ್ಕಳಿಂದಲೇ ತೆಗೆಸಿದರು. ಮುಜುಗರ, ಸಿಟ್ಟು, ಹೊಟ್ಟೆಕಿಚ್ಚು, ಹೆದರಿಕೆ, ಕಸಿವಿಸಿ, ಅವಮಾನ, ಒಂಟಿತನ ಎಂದು ಒಂದೊಂದೇ ಬಂದವು. ಒಬ್ಬ ಹುಡುಗ ‘ತಬ್ಬಿಬ್ಬು’ ಎಂದ; ಇನ್ನೊಬ್ಬಳು, ಮನೆಯಲ್ಲಿ ಉರ್ದು ಆಡುವವಳು, ತನ್ನ ಭಾಷೆಯ ಒಂದು ಪದವನ್ನು ಹೇಳಿದಾಗ ಅದಕ್ಕೂ ಒಂದು ಕೊಂಬೆ ಸಿಕ್ಕಿತು. ನಲವತ್ತು ನಿಮಿಷದಲ್ಲಿ ಮಕ್ಕಳಿಗೆ ಸಿಕ್ಕಿದ್ದು ತಮ್ಮೊಳಗಿನದನ್ನು ಬಿಡಿಬಿಡಿಯಾಗಿ ಹೇಳುವ ಒಂದು ಶಬ್ದಕೋಶ. ಆ ವಾರ ಮಗ ಮನೆಗೆ ಬಂದು, ‘ಅಮ್ಮಾ, ನನಗೆ ಬೇಜಾರಲ್ಲ, ಮುಜುಗರ’ ಎಂದ. ಹೊಟ್ಟೆನೋವು ಎಂದು ಹೇಳಬೇಕಾದ ಅಗತ್ಯ ಅವನಿಗೆ ಅಲ್ಲಿಂದ ಕಡಿಮೆಯಾಯಿತು. ಸುರಕ್ಷಿತ ಸ್ಪರ್ಶ, ಅಸುರಕ್ಷಿತ ಸ್ಪರ್ಶದ ಪಾಠವನ್ನೂ ಅವರು ಇದೇ ಪೀರಿಯಡ್‌ನಲ್ಲಿ, ಒಂದನೆಯ ತರಗತಿಯಿಂದಲೇ, ಅಂಗಗಳಿಗೆ ಅವುಗಳ ಸರಿಯಾದ ಹೆಸರನ್ನೇ ಬಳಸಿ ಹೇಳಿಕೊಡುತ್ತಾರೆ. ಅದಕ್ಕೆ ಕೆಲವು ಪೋಷಕರಿಂದ ಆಕ್ಷೇಪ ಬಂದರೂ ಅವರು ಬಿಟ್ಟುಕೊಡದಿದ್ದದ್ದು ಸರಿಯೆಂದು ನನ್ನ ದೃಢವಾದ ಅಭಿಪ್ರಾಯ.

ಇನ್ನು ಕೊರತೆಗಳು. ಮೊದಲನೆಯದು, ಶಾಲೆ ಅವರ ಸಮಯವನ್ನು ಕಾಪಾಡುವುದಿಲ್ಲ. ಯಾವುದಾದರೂ ಶಿಕ್ಷಕರು ರಜೆ ಹಾಕಿದರೆ ಬದಲಿ ತರಗತಿಗೆ ಕಳುಹಿಸುವುದು ಇವರನ್ನೇ; ಪರೀಕ್ಷೆಯ ತಿಂಗಳಲ್ಲಿ ಮೇಲ್ವಿಚಾರಣೆ, ವಾರ್ಷಿಕೋತ್ಸವದಲ್ಲಿ ನೃತ್ಯದ ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು ಕೂಡ ಇವರ ಪಾಲಿಗೆ ಬಂದಿದೆ. ಇದರಿಂದ ಮಗನ ಭೇಟಿ ನಾಲ್ಕು ಸಲ ತಪ್ಪಿತು. ತನಗೆಂದು ಮೀಸಲಾದ ಅರ್ಧ ಗಂಟೆಯನ್ನು ವಾರವಿಡೀ ಎದುರುನೋಡುವ ಮಗುವಿಗೆ ‘ಇವತ್ತು ಮಿಸ್ ಇಲ್ಲ’ ಎಂಬುದು ಸಣ್ಣ ಮಾತಲ್ಲ. ಇದಕ್ಕಿಂತ ಗಂಭೀರವಾದದ್ದು ಇನ್ನೊಂದು ರೂಢಿ: ಗಲಾಟೆ ಮಾಡಿದ ಮಕ್ಕಳನ್ನು ಕೆಲವು ಶಿಕ್ಷಕರು ‘ನಡಿ, ಕೌನ್ಸೆಲರ್ ಹತ್ತಿರ’ ಎಂದು ಗದರಿ ಕಳುಹಿಸುತ್ತಾರೆ. ಕೋಣೆ ಶಿಕ್ಷೆಯ ಜಾಗವೆಂದು ಮಕ್ಕಳ ಮನಸ್ಸಿನಲ್ಲಿ ಒಮ್ಮೆ ಕೂತರೆ, ನಿಜವಾಗಿ ನೋವಿರುವ ಮಗು ಅತ್ತ ಸುಳಿಯುವುದಿಲ್ಲ. ಕಚೇರಿಗೆ ಹೋಗುವವರೆಲ್ಲ ಹಾಯುವ ಮೆಟ್ಟಿಲ ಪಕ್ಕದಲ್ಲೇ ಕೋಣೆ ಇರುವುದರಿಂದ ಒಳಗೆ ಯಾರಿದ್ದಾರೆ ಎಂಬುದೂ ಎಲ್ಲರಿಗೂ ಕಾಣುತ್ತದೆ.

ಎರಡನೆಯದು, ಒಪ್ಪಿಗೆ ಪತ್ರ. ಎರಡು ಪುಟಗಳ ಆ ಪತ್ರ ಇಂಗ್ಲಿಷಿನಲ್ಲಿ ಮಾತ್ರ ಇತ್ತು. ಅದೇ ಶಾಲೆಗೆ ಆಟೋ ಓಡಿಸುವವರ, ಹೂ ಕಟ್ಟುವವರ ಮಕ್ಕಳೂ ಬರುತ್ತಾರೆ; ಅವರು ಏನಕ್ಕೆ ಸಹಿ ಹಾಕುತ್ತಿದ್ದೇವೆ ಎಂದು ಓದದೆಯೇ ಸಹಿ ಹಾಕಿದರೆ ಅದನ್ನು ಒಪ್ಪಿಗೆ ಎಂದು ಕರೆಯುವುದು ಕಷ್ಟ. ಮಗುವಿನ ಮನಸ್ಸಿನ ವಿಷಯದ ಕಾಗದ ಮನೆಯವರು ಓದಬಲ್ಲ ಭಾಷೆಯಲ್ಲಿರುವುದು ಸೌಜನ್ಯವಷ್ಟೇ ಅಲ್ಲ, ಆ ಕೆಲಸದ ಮೊದಲ ಅಂಗ.

ಮೂರನೆಯದು ನಮಗೆ ನೇರವಾಗಿ ತಟ್ಟಿತು. 2024ರ ಜೂನ್‌ನಲ್ಲಿ ಮಗ ಮೂರನೆಯ ತರಗತಿಗೆ ಹೋದಾಗ ಹೊಸ ಶಿಕ್ಷಕಿಗೆ ಅವನ ಬಗ್ಗೆ ಏನೂ ತಿಳಿದಿರಲಿಲ್ಲ. ಆಪ್ತಸಮಾಲೋಚಕಿ ಆ ವಾರ ರಜೆಯಲ್ಲಿದ್ದರು. ಕಡತ ಅವರ ಬೀರುವಿನಲ್ಲಿ ಬೀಗದೊಳಗಿತ್ತು. ಮೂರನೆಯ ದಿನವೇ ಅವನನ್ನು ಮುಂದೆ ನಿಲ್ಲಿಸಿ ಓದಿಸಲಾಯಿತು. ಅವನು ಓದಲಾರದೆ ನಿಂತ, ಮಕ್ಕಳು ನಕ್ಕರು, ಮರುದಿನ ಬೆಳಿಗ್ಗೆ ಹೊಟ್ಟೆನೋವು ಮರಳಿ ಬಂತು. ಕಡತವನ್ನು ಗುಟ್ಟಾಗಿಡುವುದು ಸರಿಯೇ. ಆದರೆ ಮಗು ಕೋಣೆಯಲ್ಲಿ ಹೇಳಿಕೊಂಡ ಮಾತು ಬೇರೆ, ತರಗತಿಯಲ್ಲಿ ಮಗುವಿಗೆ ಮಾಡಿಕೊಡಬೇಕಾದ ಅನುಕೂಲ ಬೇರೆ. ಮೊದಲನೆಯದು ಬೀಗದೊಳಗೆ ಇರಲಿ. ಎರಡನೆಯದು ಪೋಷಕರ ಒಪ್ಪಿಗೆ ಪಡೆದು ಒಂದು ಹಾಳೆಯಲ್ಲಿ ಮುಂದಿನ ಶಿಕ್ಷಕರ ಕೈಗೆ ಶಾಲೆ ತೆರೆಯುವ ಮೊದಲೇ ಸೇರಬೇಕು. ರಜೆಯಿಂದ ಬಂದ ಆಪ್ತಸಮಾಲೋಚಕಿ ನಮ್ಮ ಮುಂದೆ ತಪ್ಪನ್ನು ಒಪ್ಪಿಕೊಂಡು, ಮಗನ ಹತ್ತಿರವೂ ಕ್ಷಮೆ ಕೇಳಿದರು. ದೊಡ್ಡವರು ಮಗುವಿನ ಕ್ಷಮೆ ಕೇಳುವುದನ್ನು ನಾನು ಶಾಲೆಯ ಆವರಣದಲ್ಲಿ ಅದುವರೆಗೆ ನೋಡಿರಲಿಲ್ಲ. ಅಂಕ ಕೊಡಬೇಕೆಂದರೆ ಅವರ ಕೆಲಸಕ್ಕೆ ಐದಕ್ಕೆ ಐದು ಕೊಡುತ್ತೇನೆ, ಅವರ ಸುತ್ತ ಶಾಲೆ ಮಾಡಿರುವ ಏರ್ಪಾಡಿಗೆ ಮೂರು ಸಾಕು.

ಏರ್ಪಾಡಿನ ಕೊರತೆಗೆ ಈ ಒಂದು ಶಾಲೆಯನ್ನಷ್ಟೇ ದೂರಿ ಫಲವಿಲ್ಲ. ಇಲ್ಲಿ ಸುಮಾರು 640 ಮಕ್ಕಳಿಗೆ ಒಬ್ಬರು. ಅಮೆರಿಕದ ಶಾಲಾ ಆಪ್ತಸಮಾಲೋಚಕರ ಸಂಘ ಶಿಫಾರಸು ಮಾಡುವುದು 250 ಮಕ್ಕಳಿಗೆ ಒಬ್ಬರನ್ನು. ನಮ್ಮಲ್ಲಿ ಸಿಬಿಎಸ್‌ಇ ಸಂಯೋಜನಾ ನಿಯಮಗಳು ಆಪ್ತಸಮಾಲೋಚಕರ ನೇಮಕದ ಮಾತನ್ನು ಪ್ರೌಢ ಮತ್ತು ಉನ್ನತ ಪ್ರೌಢ ಹಂತಕ್ಕೆ ಜೋಡಿಸಿಯೇ ಆಡಿವೆ. ಪರೀಕ್ಷೆಯ ಒತ್ತಡ ಕಣ್ಣಿಗೆ ಕಾಣುವ ವಯಸ್ಸು ಅದು ಎಂಬುದು ಕಾರಣವಿರಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಕ್ಕಳ ಮಾನಸಿಕ ಆರೋಗ್ಯಕ್ಕಾಗಿ ಶಾಲಾ ವ್ಯವಸ್ಥೆಯೊಳಗೆ ತರಬೇತಿ ಪಡೆದ ಸಮಾಜಕಾರ್ಯಕರ್ತರನ್ನೂ ಆಪ್ತಸಮಾಲೋಚಕರನ್ನೂ ತರಬೇಕು ಎನ್ನುತ್ತದೆ. ಚಿಕ್ಕ ಮಕ್ಕಳ ಶಾಲೆಗಳಲ್ಲಿ ಅದು ಕಾಣಬರುವುದು ಅಪರೂಪ. ಹತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟ ಎಷ್ಟೋ ಹುಡುಗರ ಕಥೆ ಎರಡನೆಯ ತರಗತಿಯ ಯಾವುದೋ ಮಂಗಳವಾರ ಶುರುವಾಗಿರಬಹುದು ಎಂದು ಈಗ ನನಗೆ ಅನ್ನಿಸುತ್ತದೆ. ನಾನು ಓದಿದ ನಂಜನಗೂಡು ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು, ಓದು ಎಂದಾಗ ಏಟು ತಿನ್ನಲು ಕೈ ಚಾಚುತ್ತಿದ್ದ ಇಬ್ಬರು ಹುಡುಗರ ಮುಖ ಈ ಎರಡು ವರ್ಷಗಳಲ್ಲಿ ಮತ್ತೆ ಮತ್ತೆ ನೆನಪಾಗಿದೆ.

ಶಾಲೆಯಲ್ಲಿ ಇಂಥ ಸೇವೆ ಇದೆ ಎಂದು ಹೇಳಿದರೆ ಪೋಷಕರು ಕೆಲವು ವಿಷಯಗಳನ್ನು ವಿಚಾರಿಸಿ ತಿಳಿದುಕೊಳ್ಳುವುದು ಒಳ್ಳೆಯದು. ಅವರ ವಿದ್ಯಾರ್ಹತೆ ಏನು ಎಂದು ಕೇಳಲು ಸಂಕೋಚ ಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಶಾಲಾ ಆಪ್ತಸಮಾಲೋಚಕರು ಸಾಮಾನ್ಯವಾಗಿ ಮನಶ್ಶಾಸ್ತ್ರದ ಸ್ನಾತಕೋತ್ತರ ಪದವಿಯ ಜೊತೆಗೆ ಒಂದು ಡಿಪ್ಲೊಮಾ ಪಡೆದವರು. ನಮ್ಮ ಶಾಲೆಯವರು ಎನ್‌ಸಿಇಆರ್‌ಟಿ ನಡೆಸುವ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆಯ ಡಿಪ್ಲೊಮಾವನ್ನು ಇಲ್ಲಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಮಾಡಿದವರು. ವಾರದಲ್ಲಿ ಎಷ್ಟು ಪೀರಿಯಡ್ ಬೇರೆ ವಿಷಯ ಕಲಿಸುತ್ತಾರೆ ಎಂಬ ಪ್ರಶ್ನೆ ವಿದ್ಯಾರ್ಹತೆಯಷ್ಟೇ ಮುಖ್ಯ, ಏಕೆಂದರೆ ಬೆಳಿಗ್ಗೆ ಅಂಕ ಹಾಕಿದವರ ಮುಂದೆ ಮಧ್ಯಾಹ್ನ ಮನಸ್ಸು ಬಿಚ್ಚಿಡುವುದು ಮಗುವಿಗೆ ಕಷ್ಟ. ಮೊದಲ ಭೇಟಿಯಲ್ಲೇ ರೋಗದ ಹೆಸರು ಹೇಳುವವರ, ಎಲ್ಲವನ್ನೂ ನಾನೇ ಸರಿಮಾಡುತ್ತೇನೆ ಎನ್ನುವವರ ಬಗ್ಗೆ ಎಚ್ಚರಿಕೆ ಇರಲಿ. ಬೇರೆಡೆಗೆ ಕಳುಹಿಸಬೇಕಾದಾಗ ಕಳುಹಿಸುವುದು ಈ ಕೆಲಸದ ಒಂದು ಭಾಗ. ಶಾಲೆಯಲ್ಲಿ ಯಾರೂ ಇಲ್ಲದಿದ್ದರೆ 14416 ಸಂಖ್ಯೆಯ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಈ ಉಚಿತ ಸೇವೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಮಗು ಅಪಾಯದಲ್ಲಿದ್ದರೆ ಹಗಲಿರುಳು ಲಭ್ಯವಿರುವ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಈ ಎರಡೂ ಸಂಖ್ಯೆಗಳನ್ನು ಆಪ್ತಸಮಾಲೋಚಕಿ ಮಕ್ಕಳ ಡೈರಿಯ ಮೊದಲ ಪುಟದಲ್ಲಿ ಅವರ ಕೈಯಿಂದಲೇ ಬರೆಸಿದ್ದಾರೆ.

2025ರ ಮಾರ್ಚ್‌ನಲ್ಲಿ ಮಗನ ವಾರದ ಭೇಟಿಗಳು ಮುಗಿದವು. ಅವನ ಓದು ಈಗಲೂ ನಿಧಾನ. ಉದ್ದದ ಪದಗಳನ್ನು ಬೆರಳಿಟ್ಟು ಬಿಡಿಸಿ ಓದುತ್ತಾನೆ, ಒತ್ತಕ್ಷರ ಬಂದರೆ ಒಂದು ಕ್ಷಣ ನಿಲ್ಲುತ್ತಾನೆ. ಎಂಟು ತುಂಬಿದ ಮೇಲೆ ಮತ್ತೆ ಪರೀಕ್ಷೆ ನಡೆದು, ಓದಿಗೆ ಸಂಬಂಧಿಸಿದ ಕಲಿಕಾ ನ್ಯೂನತೆ ಇದೆಯೆಂದು ಬರವಣಿಗೆಯಲ್ಲಿ ಬಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ನ್ಯೂನತೆಗಳಲ್ಲಿ ಇದೂ ಸೇರಿರುವುದರಿಂದ ಮುಂದಿನ ಪರೀಕ್ಷೆಗಳಲ್ಲಿ ಹೆಚ್ಚಿನ ಸಮಯ ಕೇಳಲು ದಾರಿಯಾಗಿದೆ. ಏಪ್ರಿಲ್‌ನಲ್ಲಿ ನಾವು ಕೆಲವು ಪೋಷಕರು ಸೇರಿ ಮುಖ್ಯೋಪಾಧ್ಯಾಯಿನಿಯವರಿಗೆ ಪತ್ರ ಕೊಟ್ಟೆವು: ಬದಲಿ ತರಗತಿಗೆ ಆಪ್ತಸಮಾಲೋಚಕಿಯನ್ನು ಕಳುಹಿಸಬಾರದು, ಕೋಣೆಯನ್ನು ಗ್ರಂಥಾಲಯದ ಪಕ್ಕಕ್ಕೆ ಬದಲಿಸಬೇಕು, ಒಪ್ಪಿಗೆ ಪತ್ರ ಕನ್ನಡದಲ್ಲೂ ಇರಬೇಕು, ತರಗತಿ ಬದಲಾಗುವಾಗ ಅನುಕೂಲಗಳ ಹಾಳೆ ಮುಂದಿನ ಶಿಕ್ಷಕರಿಗೆ ತಲುಪಬೇಕು ಎಂದು. ಕೋಣೆಯ ವಿಷಯಕ್ಕೆ ಇನ್ನೂ ಉತ್ತರ ಬಂದಿಲ್ಲ, ಬದಲಿ ತರಗತಿಯ ಬಗ್ಗೆ ‘ನೋಡೋಣ’ ಎಂದಿದ್ದಾರೆ. ಶಾಲೆ ತೆರೆದ ದಿನ ನಾಲ್ಕನೆಯ ತರಗತಿಯ ಶಿಕ್ಷಕಿಯ ಮೇಜಿನ ಮೇಲೆ ಮಗನ ಹಾಳೆ ಇತ್ತು. ಒಪ್ಪಿಗೆ ಪತ್ರ ಕನ್ನಡದಲ್ಲಿ ಬಂದಿದೆ. ಅದನ್ನು ಅತ್ತೆಯವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಪೋಷಕರ ಸಹಿಯ ಜಾಗದಲ್ಲಿ ನನಗಿಂತ ಮೊದಲು ತಾವೇ ಸಹಿ ಹಾಕಿದರು.